ಕಂಪ್ಯೂಟರಿಗೂ ಒಂದು ಲಾಗ್ ಬುಕ್ ಬೇಕು
(ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವು, ಖನಿಜ ಮಿಶ್ರಣ, ಕರುಗಳ ಪಾಲನೆ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಹೇಳಬೇಕೆಂದಿರುವುದು ಹಸುವಿನ ವಿಷಯವಲ್ಲ, ಹಾಲಿನ ಲೆಕ್ಕದ ವಿಷಯ. ಅದರಲ್ಲೂ ಆ ಲೆಕ್ಕವನ್ನು ಕಂಪ್ಯೂಟರಿನೊಳಗೆ ಯಾರು ನೋಡಿದರು, ಯಾರು ತಿದ್ದಿದರು ಎಂಬುದನ್ನು ಬರೆದಿಡುವ ಕ್ರಮದ ವಿಷಯ. ಇದು ಕಂಪ್ಯೂಟರ್ ಕಲಿತವರಿಗೆ ಮಾತ್ರ ಸೇರಿದ್ದು ಎಂದು ದಯವಿಟ್ಟು ಭಾವಿಸಬೇಡಿ. ನಿಮ್ಮ ಬಟವಾಡೆಯ ಹಣ ಈ ಲೆಕ್ಕದ ಮೇಲೆಯೇ ನಿಂತಿದೆ.

ಕೈಬರಹದ ಪುಸ್ತಕಕ್ಕೂ ಕಂಪ್ಯೂಟರಿಗೂ ಇರುವ ವ್ಯತ್ಯಾಸ

ಹಿಂದೆ ಸಂಘದಲ್ಲಿ ಹಾಲಿನ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಅಂಕಿ ತಪ್ಪಾದರೆ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಚಿಕ್ಕ ರುಜು ಹಾಕುವುದು ಪದ್ಧತಿ. ಲೆಕ್ಕ ಪರಿಶೋಧಕರು ಬಂದಾಗ ಮೊದಲು ನೋಡುತ್ತಿದ್ದುದೇ ಇಂತಹ ಹೊಡೆದು ಹಾಕಿದ ಜಾಗಗಳನ್ನು. ಹಳೆಯ ಅಂಕಿ ಗೆರೆಯ ಕೆಳಗೆ ಇನ್ನೂ ಕಾಣುತ್ತಿತ್ತು. ಯಾರು ತಿದ್ದಿದರು ಎಂಬುದು ರುಜುವಿನಿಂದ ಗೊತ್ತಾಗುತ್ತಿತ್ತು. ಒಬ್ಬರು ಬ್ಲೇಡಿನಿಂದ ಕೆರೆದು ಅಳಿಸಿದರೂ ಕಾಗದ ತೆಳ್ಳಗಾಗಿ ಗುಟ್ಟು ರಟ್ಟಾಗುತ್ತಿತ್ತು.

ಕಂಪ್ಯೂಟರಿನಲ್ಲಿ ಹಾಗಲ್ಲ. 4.2 ಎಂದಿದ್ದ ಫ್ಯಾಟನ್ನು 3.7 ಎಂದು ತಿದ್ದಿದರೆ ಪರದೆಯ ಮೇಲೆ 3.7 ಮಾತ್ರ ಅಚ್ಚುಕಟ್ಟಾಗಿ ಕಾಣುತ್ತದೆ. ಗೆರೆಯೂ ಇಲ್ಲ, ರುಜುವೂ ಇಲ್ಲ. ಹುಟ್ಟಿದಾಗಿನಿಂದಲೂ ಅದು 3.7 ಆಗಿಯೇ ಇತ್ತೇನೋ ಎಂಬಂತೆ ಕೂತಿರುತ್ತದೆ. ಕಾಗದ ತಾನಾಗಿಯೇ ಕೊಡುತ್ತಿದ್ದ ಸಾಕ್ಷಿಯನ್ನು ಕಂಪ್ಯೂಟರ್ ತಾನಾಗಿ ಕೊಡುವುದಿಲ್ಲ. ನಾವು ಕೇಳಿ ಪಡೆಯಬೇಕು. ಅದನ್ನು ಪಡೆಯುವ ಒಂದು ಕ್ರಮಕ್ಕೆ ಲಾಗ್ ಇಡುವುದು ಎನ್ನುತ್ತಾರೆ.

ಲಾಗ್ ಎಂಬ ಮಾತು ನಿಮಗೆ ಹೊಸದೇನಲ್ಲ. ಹಾಲಿನ ವಾಹನದಲ್ಲಿ ಲಾಗ್ ಬುಕ್ ಇರುತ್ತದೆ. ಎಷ್ಟು ಗಂಟೆಗೆ ಹೊರಟಿತು, ಎಷ್ಟು ಕಿಲೋಮೀಟರ್ ಓಡಿತು ಎಂದು ಅದರಲ್ಲಿ ಬರೆದಿರುತ್ತದೆ. ಹಿಂದಿನ ಕಾಲದ ಹಡಗುಗಳಲ್ಲಿ ವೇಗ ತಿಳಿಯಲು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು, ಬಂದ ಅಳತೆಯನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮರದ ತುಂಡಿಗೆ ಇಂಗ್ಲಿಷಿನಲ್ಲಿ ಲಾಗ್ ಎನ್ನುತ್ತಾರೆ. ಆ ಪುಸ್ತಕದ ಹೆಸರೇ ಇಂದು ಕಂಪ್ಯೂಟರಿನವರೆಗೆ ಬಂದಿದೆ.

ಡೇಟಾಬೇಸ್ ಸರ್ವರ್ ಎಂದರೇನು?

ನೀವು ಸಂಘದಲ್ಲಿ ಹಾಲು ಸುರಿದಾಗ ತೂಕದ ಯಂತ್ರ ತೂಕ ತೋರಿಸುತ್ತದೆ. ಪರೀಕ್ಷಾ ಯಂತ್ರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ತೋರಿಸುತ್ತದೆ. ಈ ಅಂಕಿಗಳು ನಿಮ್ಮ ಸದಸ್ಯ ಸಂಖ್ಯೆಯೊಡನೆ ಸೇರಿ ಕಂಪ್ಯೂಟರಿಗೆ ಹೋಗುತ್ತವೆ. ಹಲವು ಸಂಘಗಳ ಲೆಕ್ಕವನ್ನು ಒಂದೇ ಕಡೆ ಇಡುವ ವ್ಯವಸ್ಥೆಯಿದ್ದರೆ ಅವೆಲ್ಲ ಒಂದು ದೊಡ್ಡ ಕಂಪ್ಯೂಟರಿಗೆ ತಲುಪುತ್ತವೆ. ಅದೇ ಸರ್ವರ್. ಅದರೊಳಗೆ ಲೆಕ್ಕವನ್ನು ಕೋಷ್ಟಕಗಳಾಗಿ, ಸಾಲು ಸಾಲಾಗಿ ಜೋಡಿಸಿಡುವ ವ್ಯವಸ್ಥೆಗೆ ಡೇಟಾಬೇಸ್ ಎಂದು ಹೆಸರು. ಹೀಗೆ ಕೋಷ್ಟಕಗಳಲ್ಲಿ ಮಾಹಿತಿ ಇಡುವ ಕ್ರಮವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಇಂದಿಗೂ ಬ್ಯಾಂಕು, ರೈಲ್ವೆ, ಡೈರಿ ಎಲ್ಲೆಡೆ ಈ ಕ್ರಮವೇ ನಡೆಯುತ್ತಿದೆ.

ಡೇಟಾಬೇಸಿನಿಂದ ಏನು ಬೇಕಾದರೂ ಅದಕ್ಕೆ ಒಂದು ಆದೇಶ ಕೊಡಬೇಕು. ಆ ಆದೇಶವನ್ನು ಕ್ವೆರಿ ಎನ್ನುತ್ತಾರೆ. ಮುಖ್ಯವಾದ ಆದೇಶಗಳು ನಾಲ್ಕೇ. ಸೆಲೆಕ್ಟ್ ಎಂದರೆ ತೋರಿಸು. ಇನ್ಸರ್ಟ್ ಎಂದರೆ ಹೊಸ ಸಾಲು ಬರೆ. ಅಪ್‌ಡೇಟ್ ಎಂದರೆ ಇರುವ ಸಾಲನ್ನು ತಿದ್ದು. ಡಿಲೀಟ್ ಎಂದರೆ ಅಳಿಸು. ನೀವು ಹಾಲು ಹಾಕಿದಾಗ ಒಂದು ಇನ್ಸರ್ಟ್ ಆಗುತ್ತದೆ. ಬಟವಾಡೆಯ ಪಟ್ಟಿ ತೆಗೆದಾಗ ಸೆಲೆಕ್ಟ್ ಆಗುತ್ತದೆ. ಯಾರಾದರೂ ಫ್ಯಾಟ್ ತಿದ್ದಿದರೆ ಅಪ್‌ಡೇಟ್ ಆಗುತ್ತದೆ.

ಈ ಆದೇಶಗಳು ಯಾವಾಗ ಬಂದವು, ಯಾವ ಹೆಸರಿನಿಂದ ಬಂದವು, ಯಾವ ಕಂಪ್ಯೂಟರಿನಿಂದ ಬಂದವು, ಆದೇಶದಲ್ಲಿ ಏನಿತ್ತು ಎಂಬುದನ್ನು ಸರ್ವರ್ ಒಂದರ ಕೆಳಗೊಂದು ಬರೆದಿಡಬಲ್ಲದು. ಬರೆದಿಡು ಎಂದು ಹೇಳಿದ್ದರೆ ಮಾತ್ರ.

ಈ ಕೊನೆಯ ಮಾತನ್ನು ಗಮನಿಸಿ. ಹೆಚ್ಚು ಬಳಕೆಯಲ್ಲಿರುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ ಎಲ್ಲ ಆದೇಶಗಳನ್ನೂ ಬರೆಯುವ ಲಾಗ್ ಮೊದಲಿನಿಂದಲೇ ಮುಚ್ಚಿರುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದರಲ್ಲೂ ಹಾಗೆಯೇ. ತೆರೆಯಬೇಕಾದವರು ಅದನ್ನು ನೋಡಿಕೊಳ್ಳುವವರು. ಏನಾದರೂ ಎಡವಟ್ಟಾದ ಮೇಲೆ ತೆರೆದರೆ ಹಿಂದಿನದು ಸಿಗುವುದಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುತ್ತದೆ.

ಒಂದು ಉದಾಹರಣೆ

ಒಬ್ಬ ಸದಸ್ಯೆ ಸೋಮವಾರ ಬೆಳಿಗ್ಗೆ 8 ಲೀಟರ್ ಹಾಲು ಹಾಕಿದರು, ಫ್ಯಾಟ್ 4.2 ಬಂತು ಎಂದಿಟ್ಟುಕೊಳ್ಳಿ. ಚೀಟಿಯಲ್ಲೂ ಹಾಗೆಯೇ ಇದೆ. ಬಟವಾಡೆಯ ದಿನ ನೋಡಿದರೆ ಅದೇ ಹೊತ್ತಿನ ಹಾಲಿಗೆ 3.7ರ ದರ ಹಾಕಿದ್ದಾರೆ. ಲಾಗ್ ಇಲ್ಲದಿದ್ದರೆ ಅಲ್ಲಿ ಜಗಳವೇ ಗತಿ. ಸದಸ್ಯೆ ಚೀಟಿ ತೋರಿಸುತ್ತಾರೆ, ಕಾರ್ಯದರ್ಶಿ ಕಂಪ್ಯೂಟರ್ ತೋರಿಸುತ್ತಾರೆ. ಲಾಗ್ ಇದ್ದರೆ ಸೋಮವಾರ ರಾತ್ರಿ 9 ಗಂಟೆ 42 ನಿಮಿಷಕ್ಕೆ, ಇಂತಹ ಹೆಸರಿನಿಂದ, ಇಂತಹ ಕಂಪ್ಯೂಟರಿನಿಂದ, ಈ ಸದಸ್ಯ ಸಂಖ್ಯೆಯ ಫ್ಯಾಟನ್ನು 3.7 ಎಂದು ತಿದ್ದುವ ಆದೇಶ ಬಂದಿತ್ತು ಎಂದು ಗೊತ್ತಾಗುತ್ತದೆ.

ಹಾಗೆಂದ ಮಾತ್ರಕ್ಕೆ ತಿದ್ದಿದವರು ಕಳ್ಳರು ಎಂದು ತೀರ್ಮಾನಿಸಬಾರದು. ಪಕ್ಕದ ಸದಸ್ಯರ ಮಾದರಿ ಅದಲುಬದಲಾಗಿದ್ದು ಪರೀಕ್ಷಕರು ಆಮೇಲೆ ಸರಿಪಡಿಸಿರಬಹುದು. ಏನು ನಡೆಯಿತು ಎಂಬುದನ್ನು ಲಾಗ್ ಹೇಳುತ್ತದೆ, ಏಕೆ ನಡೆಯಿತು ಎಂಬುದನ್ನು ಹೇಳುವುದಿಲ್ಲ. ಆದರೆ ಯಾರನ್ನು ಕೇಳಬೇಕು ಎಂಬುದು ತಿಳಿಯುತ್ತದೆ. ಪ್ರಾಮಾಣಿಕ ಕಾರ್ಯದರ್ಶಿಗಂತೂ ಇದು ದೊಡ್ಡ ರಕ್ಷಣೆ. ತಾವು ಮುಟ್ಟಿಲ್ಲ ಎಂಬುದಕ್ಕೆ ಅವರಿಗೂ ಸಾಕ್ಷಿ ಬೇಕಲ್ಲವೇ?

ಎರಡು ಕೊರತೆಗಳು

ಇಲ್ಲಿ ಎರಡು ಸೂಕ್ಷ್ಮಗಳಿವೆ. ಲಾಗ್ ಇದೆ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವವರು ಇವನ್ನು ಹೇಳದೆ ಇರಬಹುದು.

ಮೊದಲನೆಯದು, ಆದೇಶದ ಲಾಗಿನಲ್ಲಿ ಹೊಸ ಅಂಕಿ ಇರುತ್ತದೆ, ಹಳೆಯದು ಇರಬೇಕೆಂದಿಲ್ಲ. '3.7 ಮಾಡು' ಎಂಬ ಆದೇಶದಲ್ಲಿ 4.2 ಎಲ್ಲಿಯೂ ಇಲ್ಲ. ಹಳೆಯ ಅಂಕಿಯೂ ಬೇಕೆಂದರೆ ಬೇರೆ ಏರ್ಪಾಡು ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬೈನರಿ ಲಾಗ್ ಎಂಬ ಇನ್ನೊಂದು ದಾಖಲೆಯಿದೆ. ಅದನ್ನು ಸಾಲುವಾರು ಇಟ್ಟಾಗ ತಿದ್ದುವ ಮೊದಲು ಏನಿತ್ತು, ತಿದ್ದಿದ ಮೇಲೆ ಏನಾಯಿತು ಎಂಬ ಎರಡನ್ನೂ ಅದು ಇಟ್ಟುಕೊಳ್ಳುತ್ತದೆ. ಅಥವಾ ತಂತ್ರಾಂಶ ಬರೆಯುವವರೇ ತಿದ್ದುಪಡಿಗಳಿಗಾಗಿ ಪ್ರತ್ಯೇಕ ಕೋಷ್ಟಕ ಇಡಬಹುದು. ಹಳೆಯ ಪುಸ್ತಕದಲ್ಲಿ ಗೆರೆಯ ಕೆಳಗೆ ಕಾಣುತ್ತಿದ್ದ ಅಂಕಿಯನ್ನು ಹೀಗೆ ಉಳಿಸಿಕೊಳ್ಳಬೇಕು.

ಎರಡನೆಯದು ಇನ್ನೂ ಮುಖ್ಯ. ಅನೇಕ ತಂತ್ರಾಂಶಗಳು ಸರ್ವರಿಗೆ ಒಂದೇ ಹೆಸರಿನಲ್ಲಿ ಹೋಗುತ್ತವೆ. ಆಗ ನೂರು ಜನ ಕೆಲಸ ಮಾಡಿದರೂ ಸರ್ವರಿನ ಲಾಗಿನಲ್ಲಿ ಕಾಣುವುದು ತಂತ್ರಾಂಶದ ಒಂದೇ ಹೆಸರು. ಗುಂಡಿ ಒತ್ತಿದ ಮನುಷ್ಯ ಯಾರೆಂದು ತಿಳಿಯುವುದಿಲ್ಲ. ಹಾಗಾಗಿ ಕಾರ್ಯದರ್ಶಿ, ಪರೀಕ್ಷಕ, ಸಹಾಯಕ ಎಂದು ಪ್ರತಿಯೊಬ್ಬರಿಗೂ ಬೇರೆ ಬೇರೆ ಪ್ರವೇಶದ ಹೆಸರು ಇರಬೇಕು ಮತ್ತು ತಂತ್ರಾಂಶ ಆ ಹೆಸರನ್ನು ಬರೆದಿಡಬೇಕು. ಒಂದೇ ಪಾಸ್‌ವರ್ಡನ್ನು ಎಲ್ಲರೂ ಬಳಸಿದರೆ ಎಲ್ಲರೂ ಒಬ್ಬರದೇ ಹೆಬ್ಬೆಟ್ಟು ಒತ್ತಿದ ಹಾಗೆ. ಆ ಲಾಗಿನಿಂದ ಯಾರಿಗೂ ಪ್ರಯೋಜನವಿಲ್ಲ.

ನಿಧಾನದ ಆದೇಶಗಳ ಲಾಗ್

ಲಾಗ್ ಇರುವುದು ತಪ್ಪು ಹುಡುಕುವುದಕ್ಕೆ ಮಾತ್ರವಲ್ಲ. ಬಟವಾಡೆಯ ಪಟ್ಟಿ ತಡವಾದಾಗ 'ಸರ್ವರ್ ನಿಧಾನ' ಎಂಬ ಉತ್ತರವನ್ನು ನೀವು ಕೇಳಿರುತ್ತೀರಿ. ಏಕೆ ನಿಧಾನ ಎಂದು ಕಂಡುಹಿಡಿಯುವುದಕ್ಕೂ ಒಂದು ಲಾಗ್ ಇದೆ. ಗೊತ್ತುಪಡಿಸಿದ ಸಮಯಕ್ಕಿಂತ ಹೆಚ್ಚು ಹೊತ್ತು ಹಿಡಿದ ಆದೇಶಗಳನ್ನು ಮಾತ್ರ ಅದು ಬರೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಈ ಮಿತಿ ಮೊದಲಿಗೆ 10 ಸೆಕೆಂಡ್ ಎಂದಿರುತ್ತದೆ, ಬೇಕಾದರೆ ಕಡಿಮೆ ಮಾಡಬಹುದು. ಇದನ್ನೂ ನಾವೇ ತೆರೆಯಬೇಕು.

ಲೆಕ್ಕ ಹಾಕಿ ನೋಡಿ. ಒಂದು ಒಕ್ಕೂಟದಲ್ಲಿ 1,000 ಸಂಘಗಳು, ಸಂಘಕ್ಕೆ 100 ಜನ ಸದಸ್ಯರು, ದಿನಕ್ಕೆ ಎರಡು ಹೊತ್ತು ಹಾಲು ಎಂದಿಟ್ಟುಕೊಂಡರೆ ದಿನಕ್ಕೆ 2 ಲಕ್ಷ ಸಾಲು. ವರ್ಷಕ್ಕೆ 7 ಕೋಟಿ 30 ಲಕ್ಷ ಸಾಲು. ಇದರಲ್ಲಿ ನಿಮ್ಮದು 730 ಸಾಲು. ಸದಸ್ಯ ಸಂಖ್ಯೆಯ ಪ್ರಕಾರ ಅನುಕ್ರಮಣಿಕೆ ಇಲ್ಲದಿದ್ದರೆ ನಿಮ್ಮ 730 ಸಾಲುಗಳಿಗಾಗಿ ಸರ್ವರ್ ಆ 7 ಕೋಟಿ 30 ಲಕ್ಷ ಸಾಲುಗಳನ್ನೂ ಮಗುಚಿ ನೋಡಬೇಕು. ಅನುಕ್ರಮಣಿಕೆ ಇದ್ದರೆ ನೇರವಾಗಿ ಪುಟ ತೆರೆದ ಹಾಗೆ ತೆಗೆದುಕೊಡುತ್ತದೆ. ಎಲ್ಲಿ ಅನುಕ್ರಮಣಿಕೆ ಬಿಟ್ಟುಹೋಗಿದೆ ಎಂಬುದನ್ನು ಪತ್ತೆ ಮಾಡಲು ಈ ನಿಧಾನದ ಲಾಗ್ ದಾರಿ ತೋರಿಸುತ್ತದೆ. ಎಷ್ಟೋ ಸಲ ಹೊಸ ಸರ್ವರ್ ಕೊಳ್ಳುವ ಖರ್ಚು ಇದರಿಂದ ಉಳಿಯುತ್ತದೆ. ಆ ಖರ್ಚು ಕೊನೆಗೆ ನಿಮ್ಮ ಹಾಲಿನ ಹಣದಿಂದಲೇ ಹೋಗುವಂಥದ್ದು.

ಎಲ್ಲವನ್ನೂ ಬರೆದಿಟ್ಟರೆ ಆಗದೇ?

ಹಾಗಾದರೆ ಬಂದ ಆದೇಶಗಳನ್ನೆಲ್ಲ ಸದಾಕಾಲ ಬರೆದಿಡಲಿ ಎಂದು ನೀವು ಕೇಳಬಹುದು. ಅದಕ್ಕೂ ಬೆಲೆ ತೆರಬೇಕು. ಮೇಲಿನ ಲೆಕ್ಕದಲ್ಲೇ ಒಂದೊಂದು ಆದೇಶಕ್ಕೆ 300 ಅಕ್ಷರ ಎಂದರೂ ಹಾಲು ಹಾಕಿದ್ದನ್ನು ಬರೆಯುವುದಕ್ಕೇ ದಿನಕ್ಕೆ 6 ಕೋಟಿ ಅಕ್ಷರಗಳಾದವು. ನೋಡುವ ಆದೇಶಗಳು ಇದರ ಎಷ್ಟೋ ಪಟ್ಟು ಇರುತ್ತವೆ. ಪ್ರತಿ ಕೆಲಸದ ಜೊತೆಗೆ ಬರೆಯುವ ಕೆಲಸವೂ ಸೇರಿ ಸರ್ವರ್ ನಿಧಾನವಾಗುತ್ತದೆ. ಲಾಗ್ ಬೆಳೆದು ಜಾಗವೆಲ್ಲ ತುಂಬಿದರೆ ಲೆಕ್ಕ ಬರೆಯುವುದೇ ನಿಂತುಹೋಗಬಹುದು.

ಇನ್ನೊಂದು ಅಪಾಯವೂ ಇದೆ. ಆದೇಶದೊಳಗೆ ನಿಮ್ಮ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ, ದೂರವಾಣಿ ಸಂಖ್ಯೆ ಎಲ್ಲವೂ ಇರಬಹುದು. ಅದನ್ನು ಹಾಗೆಯೇ ಲಾಗಿನಲ್ಲಿ ಬರೆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಕಾಗದದ ನಕಲು ಹೊರಗೆ ಬಿದ್ದಂತಾಗುತ್ತದೆ. ದೊಡ್ಡ ದೊಡ್ಡ ಸಂಸ್ಥೆಗಳಲ್ಲೂ ಇದು ನಡೆದಿದೆ. 2018ರ ಮೇ ತಿಂಗಳಲ್ಲಿ ಟ್ವಿಟರ್ ಕಂಪನಿ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಾಯಿಸಿಕೊಳ್ಳಲು ಸಲಹೆ ಕೊಡಬೇಕಾಯಿತು. ಕಾರಣ, ಪಾಸ್‌ವರ್ಡ್‌ಗಳು ಮರೆಮಾಚದೆ ಅದರ ಒಳಗಿನ ಲಾಗಿನಲ್ಲಿ ಬರೆಯಲ್ಪಟ್ಟಿದ್ದವು. ಆದ್ದರಿಂದ ಲಾಗನ್ನೂ ಮೂಲ ಲೆಕ್ಕದಷ್ಟೇ ಭದ್ರವಾಗಿ ಇಡಬೇಕು.

ಹಾಗಾದರೆ ಯಾವುದನ್ನು ಬರೆಯಬೇಕು? ನನ್ನ ಅಭಿಪ್ರಾಯ ಇಷ್ಟು. ತಿದ್ದುವ ಮತ್ತು ಅಳಿಸುವ ಆದೇಶಗಳನ್ನು ಒಂದೂ ಬಿಡದೆ ಬರೆಯಬೇಕು. ಯಾರು ಯಾವಾಗ ಸರ್ವರಿನ ಒಳಗೆ ಬಂದರು, ಹೊರಗೆ ಹೋದರು ಎಂಬುದನ್ನು ಬರೆಯಬೇಕು. ಬ್ಯಾಂಕ್ ಖಾತೆಯಂತಹ ಗುಟ್ಟಿನ ವಿವರಗಳನ್ನು ಯಾರು ತೆರೆದು ನೋಡಿದರು ಎಂಬುದನ್ನು ಬರೆಯಬೇಕು. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಹಾಲಿನ ಹಣ ಬರುತ್ತದೆ ಎಂಬುದು ಬಡ್ಡಿ ಸಾಲ ಕೊಡುವವರಿಗೆ ಗೊತ್ತಾಗಬೇಕಿಲ್ಲ. ಉಳಿದಂತೆ ನಿಧಾನದ ಆದೇಶಗಳನ್ನು ಬರೆದರೆ ಸಾಕು.

ಲಾಗ್ ಯಾರ ಕೈಯಲ್ಲಿರಬೇಕು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಸರ್ವರಿನ ಪೂರ್ಣ ಅಧಿಕಾರ ಇರುವವರು ಲಾಗನ್ನು ಮುಚ್ಚಬಲ್ಲರು, ಕೆಲಸ ಮಾಡಿ ಮತ್ತೆ ತೆರೆಯಬಲ್ಲರು. ಲಾಗ್ ಅದೇ ಕಂಪ್ಯೂಟರಿನಲ್ಲಿದ್ದರೆ ಅಳಿಸಲೂಬಲ್ಲರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆದ್ದರಿಂದ ಲಾಗ್ ಬರೆದ ಕೂಡಲೇ ಅದರ ಪ್ರತಿ ಬೇರೊಂದು ಕಂಪ್ಯೂಟರಿಗೆ ಹೋಗಬೇಕು. ಆ ಕಂಪ್ಯೂಟರಿನ ಬೀಗ ಬೇರೆಯವರ ಕೈಯಲ್ಲಿರಬೇಕು. ಲೆಕ್ಕ ತಿದ್ದಬಲ್ಲವರು ಲಾಗ್ ತಿದ್ದಲಾರದಂತಿರಬೇಕು. ಹಣದ ಪೆಟ್ಟಿಗೆಯ ಬೀಗದ ಕೈ ಒಬ್ಬರಲ್ಲಿ, ನಗದು ಪುಸ್ತಕ ಇನ್ನೊಬ್ಬರಲ್ಲಿ ಎಂಬ ಹಳೆಯ ನಿಯಮವೇ ಇದು.

ಕಂಪನಿಗಳಿಗೆ ಇದರ ಬಗ್ಗೆ ಕಾನೂನೇ ಬಂದಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ತಮ್ಮ ಲೆಕ್ಕಕ್ಕೆ ಬಳಸುವ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕದ ಸಮೇತ ದಾಖಲಿಸಬೇಕು ಮತ್ತು ಆ ದಾಖಲೆಯನ್ನು ನಿಲ್ಲಿಸಲು ಬರಬಾರದು. ಸಹಕಾರ ಸಂಘಗಳು ಕಂಪನಿ ಕಾಯ್ದೆಯಡಿ ಬರುವುದಿಲ್ಲವಾದ್ದರಿಂದ ಈ ನಿಯಮ ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ಲಾಭಕ್ಕಾಗಿ ನಡೆಯುವ ಕಂಪನಿಗೆ ಬೇಕಾದ ಶಿಸ್ತು ಸದಸ್ಯರೇ ಮಾಲೀಕರಾದ ಸಂಸ್ಥೆಗೆ ಬೇಡವೇ? ಕಾನೂನು ಬರಲಿ ಎಂದು ಕಾಯದೆ ನಾವೇ ಅಳವಡಿಸಿಕೊಂಡರೆ ಅದು ಸಹಕಾರ ತತ್ವಕ್ಕೆ ಶೋಭೆ.

ಎಷ್ಟು ದಿನ ಇಡಬೇಕು ಎಂಬುದೂ ಮುಖ್ಯ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೆರ್ಟ್-ಇನ್ ಸಂಸ್ಥೆ ಹೊರಡಿಸಿದ ನಿರ್ದೇಶನದಲ್ಲಿ ಕಂಪ್ಯೂಟರ್ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಇಡಬೇಕೆಂದಿದೆ. ಕಂಪ್ಯೂಟರಿನ ಗಡಿಯಾರಗಳನ್ನು ಸರಿಯಾದ ಸಮಯಕ್ಕೆ ಹೊಂದಿಸಿಡಬೇಕೆಂದೂ ಇದೆ. ಗಡಿಯಾರ ತಪ್ಪಿದ್ದರೆ ಲಾಗಿನ ಸಾಕ್ಷಿ ಎಲ್ಲಿ ಉಳಿಯುತ್ತದೆ? ಆದರೆ ನಮ್ಮ ಲೆಕ್ಕ ಪರಿಶೋಧನೆ ನಡೆಯುವುದು ವರ್ಷಕ್ಕೊಮ್ಮೆ. 180 ದಿನಕ್ಕೇ ಅಳಿಸಿದರೆ ಏಪ್ರಿಲ್ ತಿಂಗಳ ತಿದ್ದುಪಡಿಯ ಲಾಗ್ ಪರಿಶೋಧಕರು ಬರುವ ಮೊದಲೇ ಹೋಗಿರುತ್ತದೆ. ಮೈಎಸ್‌ಕ್ಯೂಎಲ್‌ನ ಈಗಿನ ಆವೃತ್ತಿಗಳಲ್ಲಿ ಬೈನರಿ ಲಾಗನ್ನು ಹಾಗೆಯೇ ಬಿಟ್ಟರೆ 30 ದಿನಕ್ಕೆ ಅಳಿದುಹೋಗುತ್ತದೆ. ಆದ್ದರಿಂದ ತಿದ್ದುಪಡಿಗಳ ಲಾಗನ್ನಾದರೂ ಆ ವರ್ಷದ ಪರಿಶೋಧನೆ ಮುಗಿದು, ವಿವಾದಗಳು ತೀರುವವರೆಗೆ ಇಡಬೇಕು.

ನೀವು ಕೇಳಬೇಕಾದ ಪ್ರಶ್ನೆಗಳು

ಬಂಧುಗಳೇ, ಸರ್ವರನ್ನು ನೀವು ನಡೆಸಬೇಕಿಲ್ಲ. ಆದರೆ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಈ ಪ್ರಶ್ನೆಗಳನ್ನು ಕೇಳುವ ಹಕ್ಕು ನಿಮಗಿದೆ.

1. ನಮ್ಮ ಹಾಲಿನ ಲೆಕ್ಕವನ್ನು ತಿದ್ದಿದರೆ ಅದರ ದಾಖಲೆ ಉಳಿಯುತ್ತದೆಯೇ? ಹಳೆಯ ಅಂಕಿಯೂ ಉಳಿಯುತ್ತದೆಯೇ?
2. ಪ್ರತಿ ನೌಕರರಿಗೂ ಪ್ರತ್ಯೇಕ ಹೆಸರು, ಪಾಸ್‌ವರ್ಡ್ ಇದೆಯೇ?
3. ಲಾಗಿನ ಪ್ರತಿ ಬೇರೆ ಕಡೆ ಇದೆಯೇ? ಅದರ ಬೀಗ ಯಾರ ಕೈಯಲ್ಲಿದೆ?
4. ಎಷ್ಟು ದಿನ ಇಡುತ್ತೀರಿ? ಲೆಕ್ಕ ಪರಿಶೋಧಕರು ಅದನ್ನು ನೋಡುತ್ತಾರೆಯೇ?
5. ಸದಸ್ಯರು ದೂರು ಕೊಟ್ಟರೆ ಲಾಗ್ ನೋಡಿ ಉತ್ತರ ಕೊಡುವವರು ಯಾರು, ಎಷ್ಟು ದಿನದೊಳಗೆ?

ಉತ್ತರ ತಕ್ಷಣ ಸಿಗದಿದ್ದರೆ ಬೇಸರ ಬೇಡ. ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಉತ್ತರ ಬರಲೇಬೇಕಾಗುತ್ತದೆ. ತಂತ್ರಾಂಶ ಕೊಳ್ಳುವ ಒಪ್ಪಂದ ಮಾಡುವಾಗಲೇ ಈ ಅಂಶಗಳನ್ನು ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಒತ್ತಾಯಿಸಿ. ಆಮೇಲೆ ಸೇರಿಸುವುದು ಕಷ್ಟ, ದುಬಾರಿಯೂ ಹೌದು.

ಕೊನೆಯದಾಗಿ ಒಂದು ಮಾತು. ಲಾಗ್ ಬರೆಯುವುದು ಸರ್ವರಿಗೆ ಬಂದದ್ದನ್ನು ಮಾತ್ರ. ಪರೀಕ್ಷಾ ಯಂತ್ರದ ಅಂಕಿಯನ್ನು ಕೈಯಿಂದ ಒತ್ತುವಾಗಲೇ ತಪ್ಪಾಗಿದ್ದರೆ, ಆ ತಪ್ಪನ್ನೇ ಲಾಗ್ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಆ ಜಾಗದಲ್ಲಿ ಕಾವಲು ನಿಮ್ಮ ಕಣ್ಣು ಮತ್ತು ನಿಮ್ಮ ಚೀಟಿ. ಹಾಲು ಹಾಕಿದಾಗ ಯಂತ್ರದ ಅಂಕಿಯನ್ನು ನೋಡಿ. ಚೀಟಿಯನ್ನು ಕೇಳಿ ಪಡೆಯಿರಿ. ಬಟವಾಡೆಯವರೆಗೆ ಒಂದು ದಾರಕ್ಕೆ ಪೋಣಿಸಿ ಇಡಿ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದ ತಾಳೆ ನೋಡಿಸಿ. ವ್ಯತ್ಯಾಸ ಕಂಡರೆ ತಿಂಗಳುಗಟ್ಟಲೆ ಕಾಯದೆ ಅದೇ ವಾರದಲ್ಲಿ ಲಿಖಿತವಾಗಿ ದೂರು ಕೊಡಿ. ಲಾಗ್ ಇನ್ನೂ ಉಳಿದಿರುವಾಗ ಕೊಟ್ಟ ದೂರಿಗೆ ಮಾತ್ರ ಲಾಗ್ ಉತ್ತರ ಕೊಡಬಲ್ಲದು.

ನಿಮ್ಮ ಚೀಟಿ ಒಂದು ಕಡೆ, ಸರ್ವರಿನ ಲಾಗ್ ಇನ್ನೊಂದು ಕಡೆ. ಎರಡೂ ಒಂದೇ ಮಾತನ್ನು ಹೇಳಿದಾಗ ಹಾಲಿನ ಲೆಕ್ಕದ ಬಗ್ಗೆ ಯಾರೂ ಯಾರನ್ನೂ ಅನುಮಾನಿಸಬೇಕಾದ್ದಿಲ್ಲ.